ಅಂಪೈರ್ ಅಂದರೆ ಬೆಸ: ‘ನ’ಕಾರ ಎಲ್ಲಿ ಹೋಯಿತು?

1940ರ ಮಧ್ಯಸ್ಥಿಕೆ ಕಾಯ್ದೆ ಓದುವಾಗ ನಮ್ಮ ಹಾಸನದ ಓದುಗುಂಪಿನಲ್ಲಿ ಎಲ್ಲರೂ ತಡೆದು ನಿಂತಿದ್ದು ಒಂದೇ ಪದದ ಹತ್ತಿರ. ಕ್ರಿಕೆಟ್ಟಿನ ಅಂಪೈರಿಗೆ ಕಾನೂನಿನಲ್ಲಿ ಏನು ಕೆಲಸ? ನಿಜವಾಗಿ ನೋಡಿದರೆ ಪಂಚಾಯ್ತಿಯ ಅರ್ಥವೇ ಹಳೆಯದು, ಆಟಕ್ಕೆ ಬಂದಿದ್ದು ಆಮೇಲೆ.

ಸಕಲೇಶಪುರದ ಬೆಳೆಗಾರರಿಗೂ ಹಾಸನದ ವ್ಯಾಪಾರಿಗೂ ಕಾಳುಮೆಣಸಿನ ತೇವ ಜಾಸ್ತಿ ಅಂತ ತಕರಾರು ಬಂತು ಅಂತಿಟ್ಟುಕೊಳ್ಳಿ. ಅವರ ಕಡೆಯಿಂದ ಒಬ್ಬರು ಮಧ್ಯಸ್ಥಗಾರರು, ಇವರ ಕಡೆಯಿಂದ ಒಬ್ಬರು. ಇಬ್ಬರಿಗೂ ಒಮ್ಮತ ಬರಲಿಲ್ಲ. ಆಗ ಮೂರನೆಯವರು ಬೇಕಲ್ವಾ? ಅವರೇ ಅಂಪೈರ್. ಮಧ್ಯಸ್ಥಗಾರರ ಸಂಖ್ಯೆ ಸಮವಾಗಿದ್ದರೆ ತಮ್ಮ ನೇಮಕವಾದ ಒಂದು ತಿಂಗಳೊಳಗೆ ಅವರೇ ಅಂಪೈರನ್ನು ನೇಮಿಸಬೇಕು ಅಂತ ಆ ಕಾಯ್ದೆಯ ಮೊದಲ ಅನುಸೂಚಿ ಹೇಳುತ್ತಿತ್ತು.

ಪದದ ಮೂಲ ಹಳೇ ಫ್ರೆಂಚಿನ ‘ನೊನ್‌ಪೆರ್’. ‘ನೊನ್’ ಅಂದರೆ ಅಲ್ಲ, ‘ಪೆರ್’ ಅಂದರೆ ಸಮ. ಅಂದರೆ ಜೋಡಿಗೆ ಸೇರದೆ ಉಳಿದವನು, ನಮ್ಮ ಲೆಕ್ಕದಲ್ಲಿ ಬೆಸ. ‘ಸಾಟಿಯಿಲ್ಲದವನು’ ಅಂತ ಬರೆದುಕೊಳ್ಳಬೇಡಿ, ಇಲ್ಲಿ ಹೊಗಳಿಕೆ ಏನೂ ಇಲ್ಲ. ‘ಥರ್ಡ್ ಅಂಪೈರ್’ ಅನ್ನುವಾಗ ಮೂರನೆಯವನು ಅನ್ನೋದನ್ನ ಒಂದು ರೀತಿ ಎರಡು ಸಲ ಹೇಳಿದ ಹಾಗೆ.

ಈಗ ಕಷ್ಟದ ಜಾಗ. ಮೊದಲಿದ್ದ ‘ನ’ ಎಲ್ಲಿ ಹೋಯಿತು? ಸುಮ್ನೆ ಉದುರಿಹೋಯಿತು ಅಂದರೆ ಸಾಲದು. ಪದ ಇಂಗ್ಲಿಷಿಗೆ ಬಂದಾಗ ‘ನೂಂಪೆರ್’ ಆಗಿತ್ತು. ಒಬ್ಬ ಅನ್ನಲು ಮುಂದೆ ‘ಅ’ ಸೇರಿಸಬೇಕು. ಬಾಯಲ್ಲಿ ಬರುವುದು ‘ಅನೂಂಪೆರ್’. ಇದನ್ನು ಕನ್ನಡದಲ್ಲೇ ಬರೆದು ನೋಡಿ, ತಟ್ಟನೆ ಹೊಳೆಯುತ್ತದೆ. ನಡುವಿನ ‘ನೂ’ ಅಕ್ಷರದಲ್ಲಿ ನ್ ಮತ್ತು ಊ ಎರಡೂ ಇವೆ. ‘ಅ’ ಆದಮೇಲೆ ಕತ್ತರಿಸಿದರೆ ಅ + ನೂಂಪೆರ್. ‘ನ್’ ಆದಮೇಲೆ ಕತ್ತರಿಸಿದರೆ ಅನ್ + ಊಂಪೆರ್. ಸ್ವರದ ಮುಂದೆ ‘ಅನ್’ ಬರುವುದು ಇಂಗ್ಲಿಷಿನ ನಿಯಮವೇ. ಹಾಗಾಗಿ ಕಿವಿಗೆ ಎರಡೂ ಒಂದೇ. ಕೇಳಿದವರು ಸಂಧಿಯನ್ನು ಎರಡನೇ ರೀತಿ ಬಿಡಿಸಿದರು. ‘ನ’ ಕಳೆದುಹೋಗಲಿಲ್ಲ, ಪಕ್ಕದ ಪದಕ್ಕೆ ಸೇರಿಕೊಂಡಿತು. ಇದೊಂದು ಕೂತರೆ ಉಳಿದದ್ದೆಲ್ಲ ಸಲೀಸು.

ನನಗೆ ಬಹಳ ಇಷ್ಟವಾದ ಉಪಾಯ ಒಂದಿದೆ. ‘ನ’ ಜಾರಿದೆ ಅನ್ನಿಸಿದರೆ ಅದರ ಒಡಹುಟ್ಟಿದ ಪದ ಹುಡುಕಿ. ‘ಏಪ್ರನ್’ ಮೊದಲು ‘ನೇಪ್ರನ್’, ಒಡಹುಟ್ಟು ‘ನ್ಯಾಪ್‌ಕಿನ್’. ಹಾವಿನ ಹೆಸರಾದ ‘ಆಡರ್’ಗೆ ಜರ್ಮನ್ನಿನಲ್ಲಿ ಇವತ್ತಿಗೂ ‘ನಾಟರ್’ ಇದೆ. ಆದರೆ ‘ಆರೆಂಜ್’ ಅನ್ನು ಈ ಪಟ್ಟಿಗೆ ಸೇರಿಸಬೇಡಿ. ಸಂಸ್ಕೃತದ ನಾರಂಗ, ಸ್ಪ್ಯಾನಿಷ್‌ನ ‘ನರಾಂಖಾ’ ನೋಡಿದರೆ ಸೇರಿಸೋಣ ಅನ್ನಿಸುತ್ತದೆ ನಿಜ. ಅದರ ‘ನ’ ಮಾತ್ರ ಇಂಗ್ಲೆಂಡ್ ಮುಟ್ಟುವ ಮೊದಲೇ ಹೋಗಿತ್ತು.

ಉಲ್ಟಾ ಕೂಡ ಆಗುತ್ತದೆ. ‘ಈಕ್’ ಅಂದರೆ ಹೆಚ್ಚುವರಿ. ‘ಅನ್ ಈಕ್‌ನೇಮ್’ನ ನ್ ಮುಂದಿನ ಪದಕ್ಕೆ ಅಂಟಿ ‘ನಿಕ್‌ನೇಮ್’ ಆಯಿತು.

ಪರೀಕ್ಷೆಗೆ ಇಷ್ಟು ನೆನಪಿರಲಿ. 1940ರ ಕಾಯ್ದೆಯ ಜಾಗಕ್ಕೆ ಬಂದ 1996ರ ಕಾಯ್ದೆಯ 10ನೇ ಕಲಂ ಪ್ರಕಾರ ಮಧ್ಯಸ್ಥಗಾರರ ಸಂಖ್ಯೆ ಸಮ ಇರುವ ಹಾಗಿಲ್ಲ. ಇಬ್ಬರನ್ನು ಒಂದೊಂದು ಕಡೆಯವರು ನೇಮಿಸಿದರೆ, ಆ ಇಬ್ಬರು ಸೇರಿ ಮೂರನೆಯವರನ್ನು ಆರಿಸುತ್ತಾರೆ. ಇಬ್ಬರು ಮಧ್ಯಸ್ಥಗಾರರಿಗೂ ಒಮ್ಮತ ಬರದಿದ್ದಾಗ ಹಳೇ ಅಂಪೈರ್ ಅವರ ಬದಲಿಗೆ ತೀರ್ಪು ಕೊಡುತ್ತಿದ್ದರು. ಈಗಿನ ಮೂರನೆಯವರು ಅಧ್ಯಕ್ಷತೆ ವಹಿಸಿ ಮೊದಲಿಂದಲೂ ಜೊತೆಯಲ್ಲೇ ಕೂರುತ್ತಾರೆ.