ಹೊಟ್ಟೆ ಇಳಿಯುವುದು ಮೂಗಿನ ದಾರಿಯಲ್ಲಿ

ಕನ್ನಡದಲ್ಲಿ ಕೊಬ್ಬಿಗೆ ಬಂದಷ್ಟು ಕೆಟ್ಟ ಹೆಸರು ಮೈಯೊಳಗಿನ ಬೇರೆ ಯಾವುದಕ್ಕೂ ಬಂದಿಲ್ಲ. ಎದುರು ಮಾತಾಡುವ ಹುಡುಗನಿಗೆ 'ಕೊಬ್ಬು ಜಾಸ್ತಿಯಾಗಿದೆ' ಅನ್ನುತ್ತೇವೆ, 'ಇಳಿಸ್ತೀನಿ ಇರು' ಎಂದು ಗದರುತ್ತೇವೆ. ಬೈಗುಳದ ಮಾತು ಹಾಗಿರಲಿ, ನನ್ನ ತಕರಾರಿರುವುದು ಇನ್ನೊಂದು ಪದದ ಮೇಲೆ. ಕರಗಿಸು! ಕೊಬ್ಬು ಕರಗಿಸುವ ಕಷಾಯ, ಕೊಬ್ಬು ಕರಗಿಸುವ ಬೆಲ್ಟು, ಕೊಬ್ಬು ಕರಗಿಸುವ ಆಸನ. ಈ ಒಂದು ಕ್ರಿಯಾಪದ ನಮ್ಮ ತಲೆಯಲ್ಲಿ ಅಚ್ಚೊತ್ತಿರುವ ಚಿತ್ರ ಎಂಥದ್ದು ನೋಡಿ: ಬಾಣಲೆಗೆ ಹಾಕಿದ ಬೆಣ್ಣೆಯಂತೆ ಹೊಟ್ಟೆ ಕಾದು, ಕರಗಿ, ಬೆವರಾಗಿ ಇಳಿದು ಬನಿಯನ್ನಿನ ಪಾಲಾಗುತ್ತದೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗ್ಗೆ ಆರಕ್ಕೆ ನನ್ನ ಜೊತೆ ನಡೆಯುವ ಗೆಳೆಯರೊಬ್ಬರು ಏಪ್ರಿಲ್ ತಿಂಗಳಲ್ಲೂ ಜರ್ಕಿನ್ ಹಾಕಿಕೊಂಡೇ ಬರುತ್ತಾರೆ. ಬೆವರು ಬಂದಷ್ಟೂ ಲಾಭ ಎಂಬುದು ಅವರ ಲೆಕ್ಕ. ಐದು ಕಿಲೋಮೀಟರಿನ ಆಸುಪಾಸಿನ ಒಂದು ಸುತ್ತು ಮುಗಿಸಿ, ಮನೆಗೆ ಹೋಗಿ ತೂಕ ನೋಡಿಕೊಂಡು, 'ಮೇಷ್ಟ್ರೇ, ಇವತ್ತು ಅರ್ಧ ಕೆ.ಜಿ. ಹೋಯ್ತು' ಎಂದು ವಾಟ್ಸಾಪಿನಲ್ಲಿ ಹಾಕುತ್ತಾರೆ. ಹತ್ತು ಗಂಟೆಗೆ ಎರಡು ಲೋಟ ಮಜ್ಜಿಗೆ ಕುಡಿಯುವಾಗ ಆ ಅರ್ಧ ಕೆ.ಜಿ. ವಾಪಸ್ಸು ಬಂದಿರುತ್ತದೆ. ಅದರ ಸುದ್ದಿ ವಾಟ್ಸಾಪಿಗೆ ಬರುವುದಿಲ್ಲ.

ಅವರನ್ನು ನೋಡಿ ನಗುವ ಯೋಗ್ಯತೆ ನನಗೂ ಇಲ್ಲ. ಮೂರು ವರ್ಷ ಬೆಳಗಾದರೆ ಜೇನುತುಪ್ಪ-ನಿಂಬೆರಸದ ಬಿಸಿನೀರು ಕುಡಿದವನು ನಾನು. ಕುಡಿದ ಪುಣ್ಯದ ಬಲದ ಮೇಲೆ ಎರಡು ಇಡ್ಲಿ ಹೆಚ್ಚಿಗೆ ತಿಂದವನೂ ನಾನೇ. ಭೌತಶಾಸ್ತ್ರ ಪಾಠ ಮಾಡಿ ಹೊಟ್ಟೆ ಹೊರೆದವನು, ಹೊರೆದ ಹೊಟ್ಟೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೊದಲು ಕರಗುವ ಮಾತು ಮುಗಿಸಿಬಿಡೋಣ. ಮನುಷ್ಯನ ಕೊಬ್ಬು 37 ಡಿಗ್ರಿಯ ದೇಹದೊಳಗೆ ಕೋಶದ ತುಂಬ ಎಣ್ಣೆಯ ಹನಿಯಾಗಿಯೇ ಕೂತಿರುತ್ತದೆ. ಕರಗಿಸಲು ಅಲ್ಲಿ ಏನೂ ಉಳಿದಿಲ್ಲ, ಅದು ಆಗಲೇ ಕರಗಿದೆ. ಬೆವರೆಂದರೆ ನೀರು, ಉಪ್ಪು, ಚೂರುಪಾರು ಇತರೆ. ಅದರಲ್ಲಿ ಎಣ್ಣೆಯ ಕೊಡವೇನೂ ಹರಿಯುವುದಿಲ್ಲ.

ಹಾಗಾದರೆ ತೂಕ ಇಳಿಸಿದವರ ಹತ್ತು ಕೆ.ಜಿ. ಕೊಬ್ಬು ಎಲ್ಲಿಗೆ ಹೋಯಿತು? ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಈ ಪ್ರಶ್ನೆಯನ್ನು ವೈದ್ಯರು, ಆಹಾರತಜ್ಞರು, ವ್ಯಾಯಾಮ ಹೇಳಿಕೊಡುವವರು ಸೇರಿ 150 ಜನರ ಮುಂದಿಟ್ಟರು. ಅರ್ಧಕ್ಕಿಂತ ಹೆಚ್ಚು ಜನ 'ಶಕ್ತಿಯಾಗಿ, ಶಾಖವಾಗಿ ಹೋಗುತ್ತದೆ' ಅಂದರು. ಕೇಳಲು ಬಹಳ ವೈಜ್ಞಾನಿಕವಾಗಿದೆ. ಆದರೆ ಒಂದೇ ಒಂದು ಗ್ರಾಂ ಕೊಬ್ಬು ನಿಜವಾಗಿ ಶಕ್ತಿಯಾಗಿಬಿಟ್ಟರೆ ಐನ್‌ಸ್ಟೈನರ ಸೂತ್ರದ ಪ್ರಕಾರ ಹಿರೋಶಿಮಾದ ಬಾಂಬನ್ನೂ ಮೀರಿಸುವ ಸ್ಫೋಟವಾಗಬೇಕು. ಕೆರೆ ಸುತ್ತುವವರಿರಲಿ, ಕೆರೆಯೇ ಉಳಿಯುವುದಿಲ್ಲ. ಅಣುಗಳ ಹಳೆಯ ಕಟ್ಟು ಬಿಚ್ಚಿ ಹೊಸ ಕಟ್ಟು ಕೂಡಿದಾಗ ಶಕ್ತಿ ದೊರೆಯುತ್ತದೆ, ಪರಮಾಣುಗಳು ಹಾಗೆಯೇ ಉಳಿಯುತ್ತವೆ. ಅವು ಎಲ್ಲಿಂದಲೋ ಹೊರಗೆ ಹೋಗಲೇಬೇಕು.

ಆ ಇಬ್ಬರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೊಟ್ಟ ಲೆಕ್ಕ ಇದು. ಹತ್ತು ಕೆ.ಜಿ. ಕೊಬ್ಬು ಪೂರ್ತಿ ಖರ್ಚಾಗಲು 29 ಕೆ.ಜಿ. ಆಮ್ಲಜನಕ ಒಳಗೆಳೆಯಬೇಕು. ಹೊರಗೆ ಬರುವುದು 28 ಕೆ.ಜಿ. ಇಂಗಾಲದ ಡೈಆಕ್ಸೈಡ್, 11 ಕೆ.ಜಿ. ನೀರು. ಪರಮಾಣುಗಳ ಜಾಡು ಹಿಡಿದು ಹೋದರೆ, ಮೂಲದ ಹತ್ತು ಕೆ.ಜಿ.ಯಲ್ಲಿ 8.4 ಕೆ.ಜಿ. ಉಸಿರಿನಲ್ಲಿ ಅನಿಲವಾಗಿ ಹೋಗಿರುತ್ತದೆ, ಉಳಿದ 1.6 ಕೆ.ಜಿ. ಮಾತ್ರ ನೀರಾಗಿರುತ್ತದೆ. ಅಂದರೆ ಹೊಟ್ಟೆಯ ಬಹುಪಾಲು ಖಾಲಿಯಾಗುವುದು ಮೂಗಿನ ಮೂಲಕ. ಇದನ್ನು ಮೊದಲ ಸಲ ಓದಿದ ದಿನ ನಾನು ಊಟದ ಮನೆಯಲ್ಲಿ ಕೂತು ಸುಮ್ಮನೆ ಉಸಿರು ಬಿಡುತ್ತಿದ್ದೆ. ನನ್ನ ಹೆಂಡತಿ 'ಏನ್ರೀ, ಎದೆ ನೋವಾ?' ಅಂದಳು.

ಹಾಗೆ ನೋಡಿದರೆ ಇದು ಹೊಸ ಸುದ್ದಿಯೂ ಅಲ್ಲ. ಇಟಲಿಯ ಪಡುವಾದಲ್ಲಿ ಸಾಂಟೋರಿಯೊ ಎಂಬ ವೈದ್ಯ ಒಂದು ದೊಡ್ಡ ತಕ್ಕಡಿಗೆ ಕುರ್ಚಿ ನೇತುಹಾಕಿ, ಅದರಲ್ಲಿ ಕೂತು ಊಟ ಮಾಡಿ, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ತೂಗಿಕೊಳ್ಳುತ್ತಿದ್ದ. ಒಂದೆರಡು ದಿನವಲ್ಲ, ಸುಮಾರು ಮೂವತ್ತು ವರ್ಷ! 1614ರಲ್ಲಿ ಪುಸ್ತಕ ಬರೆದು ಹೇಳಿದ: ಎಂಟು ಪೌಂಡು ಒಳಗೆ ಹೋದರೆ ಅದರಲ್ಲಿ ಐದು ಪೌಂಡು ಕಣ್ಣಿಗೆ ಕಾಣದ ಹಾಗೆ ಮಾಯವಾಗುತ್ತದೆ. ಚರ್ಮದ ರಂಧ್ರಗಳಿಂದ, ಬಾಯಿಂದ ಏನೋ ಆವಿಯಾಗಿ ಹೋಗುತ್ತಿದೆ ಎಂದು ಅವನು ಊಹಿಸಿದ. ಗಾಳಿಗೂ ಲೆಕ್ಕದಲ್ಲಿ ಪಾಲಿದೆ ಎಂದು ಆ ಕಾಲದಲ್ಲಿ ತಿಳಿಯುವಂತಿರಲಿಲ್ಲ. ಅದು ತಿಳಿದದ್ದು ಪ್ಯಾರಿಸ್ಸಿನಲ್ಲಿ, 1782-83ರ ಚಳಿಗಾಲದಲ್ಲಿ. ಲವಾಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಕೂರಿಸಿ, ಎಷ್ಟು ಮಂಜು ಕರಗಿತು, ಎಷ್ಟು ಅನಿಲ ಹೊರಬಂತು ಎಂದು ಅಳೆದು, ಇದ್ದಿಲು ಉರಿದಾಗಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಹತ್ತಿರ ಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ಉರಿ ಎಂಬ ತೀರ್ಮಾನ ಹುಟ್ಟಿದ್ದು ಅಲ್ಲಿ. ಮುಂದೆ ಲವಾಸಿಯೆಯ ಸಹಾಯಕ ಸೆಗ್ಯಾ ಮುಖಕ್ಕೆ ಮುಸುಕು ಕಟ್ಟಿಕೊಂಡು ಪೆಡಲು ತುಳಿದ. ಊಟವಾದ ಮೇಲೆ, ಚಳಿಯಲ್ಲಿ, ದುಡಿಯುವಾಗ ಆಮ್ಲಜನಕದ ಖರ್ಚು ಏರುವುದು ಕಂಡಿತು. ಆ ಪ್ರಯೋಗದ ಚಿತ್ರ ಬಿಡಿಸಿದವಳು ಲವಾಸಿಯೆಯ ಹೆಂಡತಿ ಮೇರಿ ಆನ್. ಚಿತ್ರದ ಮೂಲೆಯ ಮೇಜಿನಲ್ಲಿ ಬರೆದುಕೊಳ್ಳುತ್ತ ಕೂತಿರುವವಳೂ ಅವಳೇ. 1794ರ ಮೇ 8ರಂದು ಫ್ರಾನ್ಸಿನ ಕ್ರಾಂತಿಕಾರಿಗಳು ಲವಾಸಿಯೆಯ ತಲೆ ತೆಗೆದರು. ಉಸಿರಿನ ಲೆಕ್ಕ ಬರೆದವನ ಉಸಿರು ಹಾಗೆ ನಿಂತಿತು.

ಈಗ ಒಳಗೆ ಏನು ನಡೆಯುತ್ತದೆ ನೋಡಿ. ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಕೊಬ್ಬಿನ ಒಂದು ಅಣು ಎಂದರೆ ಮೂರು ಉದ್ದನೆಯ ಕಬ್ಬಿನ ಜಲ್ಲೆಗಳನ್ನು ತುದಿಯಲ್ಲಿ ಒಟ್ಟಿಗೆ ಕಟ್ಟಿದ ಹಾಗೆ. ಜಲ್ಲೆಗಳು ಕೊಬ್ಬಿನಾಮ್ಲಗಳು, ಕಟ್ಟಿದ ಹಗ್ಗ ಗ್ಲಿಸರಾಲ್. ದೇಹಕ್ಕೆ ಇಂಧನ ಬೇಕಾದಾಗ ಲೈಪೇಸ್ ಎಂಬ ಕಿಣ್ವಗಳು ಹಗ್ಗ ಬಿಚ್ಚುತ್ತವೆ. ಎಣ್ಣೆ ನೀರಿನಲ್ಲಿ ಬೆರೆಯದಲ್ಲ, ಅದಕ್ಕೆ ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಹಮಾಲಿಯಂತೆ ಜಲ್ಲೆಗಳನ್ನು ಹೊತ್ತು ಸ್ನಾಯುಗಳಿಗೆ ಮುಟ್ಟಿಸುತ್ತದೆ. ಅಲ್ಲಿ ಕೋಶದೊಳಗಿರುವ ಮೈಟೊಕಾಂಡ್ರಿಯ ಎಂಬ ಪುಟ್ಟ ಶಕ್ತಿಕೇಂದ್ರವೇ ಆಲೆಮನೆ. ಜಲ್ಲೆಯನ್ನು ಎರಡೆರಡು ಗಣ್ಣಿನಂತೆ, ಅಂದರೆ ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸುವುದು ಅಲ್ಲೇ. ಹದಿನಾರು ಇಂಗಾಲದ ಜಲ್ಲೆಗೆ ಏಳು ಏಟು, ಎಂಟು ತುಂಡು. ಆ ತುಂಡುಗಳ ಇಂಗಾಲವೆಲ್ಲ ಕೊನೆಗೆ ಚಿಮಣಿ ಹಿಡಿಯುತ್ತದೆ. ಚಿಮಣಿ ಯಾವುದು ಅಂತ ಇನ್ನು ಹೇಳಬೇಕಿಲ್ಲ. ನಾವು ಒಳಗೆಳೆದ ಆಮ್ಲಜನಕ ನೇರ ಇಂಗಾಲಕ್ಕೆ ಹೋಗಿ ಅಂಟುವುದಿಲ್ಲ, ಅದು ಜಲಜನಕವನ್ನು ಕೂಡಿ ನೀರಾಗುತ್ತದೆ ಎನ್ನುವುದು ಇನ್ನೊಂದು ಸೊಗಸು. ಒಂದು ಕೆ.ಜಿ. ಕೊಬ್ಬಿನಿಂದ ಒಂದು ಕೆ.ಜಿ.ಗೂ ತುಸು ಹೆಚ್ಚು ನೀರು! ಒಂಟೆಯ ಡುಬ್ಬದಲ್ಲಿ ನೀರಿದೆ ಎಂಬ ಕಥೆಯನ್ನು ಇಲ್ಲಿಗೇ ಎಳೆದು ತರುವವರಿದ್ದಾರೆ, ಆದರೆ ಆ ನೀರಿಗಾಗಿ ಜಾಸ್ತಿ ಉಸಿರಾಡಿದರೆ ಒಣಗಾಳಿಯಲ್ಲಿ ಮೂಗಿನಿಂದಲೇ ಅಷ್ಟು ನೀರು ಆವಿಯಾಗಿ ಹೋಗುತ್ತದೆ. ಡುಬ್ಬ ಅದರ ಬುತ್ತಿ, ಬಿಂದಿಗೆ ಅಲ್ಲ.

ಇದು ಅರ್ಥವಾದರೆ ಬೆಲ್ಟಿನ ಜಾಹೀರಾತು ತಾನಾಗಿ ಬಿದ್ದುಹೋಗುತ್ತದೆ. ಕೊಬ್ಬಿನಾಮ್ಲ ಒಮ್ಮೆ ರಕ್ತಕ್ಕಿಳಿದರೆ ಅದು ಇಡೀ ಊರಿನ ಸ್ವತ್ತು. ಹೊಟ್ಟೆಯ ಸ್ನಾಯು ದುಡಿಸಿದರೆ ಹೊಟ್ಟೆಯ ಕೊಬ್ಬೇ ಉರಿಯಬೇಕೆಂದಿಲ್ಲ. ಕೆರೆಯ ಬಲದಂಡೆ ಗದ್ದೆಗೆ ತೂಬು ತೆಗೆದರೆ ಬಲಗಡೆ ನೀರು ಮಾತ್ರ ಇಳಿಯುತ್ತದೆಯೇ?

ಇಷ್ಟು ಹೇಳುತ್ತಿದ್ದಂತೆ ನಮ್ಮ ನಡಿಗೆಯ ಗುಂಪಿನಲ್ಲಿ ಒಬ್ಬರು ಕಪಾಲಭಾತಿ ಶುರುಮಾಡಿದರು. ಉಸಿರಿನಿಂದಲೇ ಕೊಬ್ಬು ಹೋಗುವುದಾದರೆ ಬೇಗಬೇಗ ಉಸಿರು ಬಿಟ್ಟರೆ ಆಯಿತಲ್ಲ! ಸೌದೆ ಒಲೆಗೆ ಊದುಗೊಳವೆಯಲ್ಲಿ ಊದಿದರೆ ಉರಿ ಏರುತ್ತದೆ, ನಿಜ. ಏಕೆಂದರೆ ಅಲ್ಲಿ ಗಾಳಿಯ ಕೊರತೆ ಇರುತ್ತದೆ. ಆರೋಗ್ಯವಾಗಿರುವವರ ರಕ್ತ ಮಾಮೂಲಿ ಉಸಿರಿನಲ್ಲೇ ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿಹೋಗಿರುತ್ತದೆ. ಜೋರಾಗಿ ಊದಿದರೆ ರಕ್ತದಲ್ಲಿ ಆಗಲೇ ಇದ್ದ ಇಂಗಾಲದ ಡೈಆಕ್ಸೈಡ್ ಖಾಲಿಯಾಗಿ ತಲೆ ಸುತ್ತುತ್ತದೆ, ಬೆರಳು ಜುಮುಗುಟ್ಟುತ್ತದೆ. ನಿಲ್ದಾಣಕ್ಕೆ ಹತ್ತು ಬಸ್ಸು ಹೆಚ್ಚಿಗೆ ಬಿಟ್ಟ ಮಾತ್ರಕ್ಕೆ ಪ್ರಯಾಣಿಕರು ಹುಟ್ಟಿಕೊಳ್ಳುವುದಿಲ್ಲ. ಆ ಬಸ್ಸು ಹತ್ತುವ ಇಂಗಾಲ ಹುಟ್ಟುವುದು ಕೈಕಾಲು ಆಡಿದಾಗ. ಪ್ರಾಣಾಯಾಮ ಮನಸ್ಸಿಗೆ ಹಿತವಾಗಿದ್ದರೆ ಧಾರಾಳವಾಗಿ ಮಾಡಿ, ಸೊಂಟದ ಸುತ್ತಳತೆಯನ್ನು ಅದಕ್ಕೆ ಗಂಟುಹಾಕಬೇಡಿ.

ಕೈಕಾಲು ಆಡಿಸಿದರೂ ಎಷ್ಟು ಹೋಗುತ್ತದೆ? ಎಪ್ಪತ್ತು ಕೆ.ಜಿ.ಯ ಮನುಷ್ಯ ಸುಮ್ಮನೆ ಬದುಕಿದ್ದರೆ ಸಾಕು, ದಿನಕ್ಕೆ ಸುಮಾರು 200 ಗ್ರಾಂ ಇಂಗಾಲವನ್ನು ಉಸಿರಿನಲ್ಲಿ ಬಿಡುತ್ತಾನೆ. ಒಂದು ಗಂಟೆ ಜಾಗಿಂಗ್ ಮಾಡಿದರೆ ಮೇಲೆ 40 ಗ್ರಾಂ. ನಾಲ್ಕು ಶತಮಾನದ ಹಿಂದಿನ ಸಾಂಟೋರಿಯೊನ ಕುರ್ಚಿಯಲ್ಲಿ ಕೂತು ಯೋಚಿಸಿದರೆ ವಿಷಯ ಸ್ಪಷ್ಟ: ಎರಡು ದಪ್ಪ ತುಂಡು ಮೈಸೂರು ಪಾಕಿನಲ್ಲಿ ಆ 40 ಗ್ರಾಂ ಇಂಗಾಲ ಆರಾಮಾಗಿ ಕೂತಿರುತ್ತದೆ. ಓಡಲು ಒಂದು ಗಂಟೆ, ತಿನ್ನಲು ಒಂದು ನಿಮಿಷ. ನನ್ನ ಜೀವನದ ಮೈಸೂರು ಪಾಕು ಕಾಫಿಯಲ್ಲಿ ಅಡಗಿತ್ತು. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಜೊತೆಗೆ ಸಂಜೆಯ ಕೋಡುಬಳೆ. ಒಗ್ಗರಣೆಗೆ ಕೈ ಅಳತೆಯಲ್ಲಿ ಸುರಿಯುವ ಎಣ್ಣೆಯಲ್ಲಿ ಒಂದು ದೊಡ್ಡ ಚಮಚಕ್ಕೆ 125 ಕ್ಯಾಲೊರಿಯಷ್ಟಿದೆ, ಎರಡು ಕಿಲೋಮೀಟರಿಗೂ ಮೇಲೆ ನಡೆದರೆ ಅದಕ್ಕೆ ಸಮ.

ಸರಿ, ಸಕ್ಕರೆ ಬಿಟ್ಟೆ, ಎಣ್ಣೆ ಅಳೆದು ಹಾಕಿಸಿದೆ, ರಾತ್ರಿಯ ಎರಡನೇ ಸಲದ ಅನ್ನ ನಿಲ್ಲಿಸಿದೆ. ಹತ್ತು ದಿನವಾದರೂ ತೂಕದ ಯಂತ್ರ ಅಲ್ಲಾಡಲಿಲ್ಲ. ಬಹಳ ಜನ ಕೈಚೆಲ್ಲುವುದು ಇಲ್ಲೇ. ದಿನಕ್ಕೆ 500 ಕ್ಯಾಲೊರಿ ಖೋತಾ ಮಾಡಿದರೂ ಹೋಗುವ ಕೊಬ್ಬು ಸುಮಾರು 65 ಗ್ರಾಂ, ಒಂದು ಕೋಳಿಮೊಟ್ಟೆಗಿಂತ ತುಸು ಹೆಚ್ಚು. ಅದೇ ದೇಹದಲ್ಲಿ ನೀರು ದಿನಕ್ಕೆ ಒಂದು ಕೆ.ಜಿ. ಮೇಲೆ ಕೆಳಗೆ ಆಡುತ್ತದೆ. ಮದುವೆ ಊಟದಲ್ಲಿ ಹಪ್ಪಳ, ಉಪ್ಪಿನಕಾಯಿ ಹೊಡೆದರೆ ಉಪ್ಪು ನೀರನ್ನು ಹಿಡಿದಿಟ್ಟು ಮರುದಿನ ತೂಕ ಏರುತ್ತದೆ. ಏಕಾದಶಿ ಮಾಡಿದರೆ ಧಡಕ್ಕನೆ ಇಳಿಯುತ್ತದೆ, ಏಕೆಂದರೆ ದೇಹ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ತನ್ನ ಮೂರು ಪಟ್ಟು ತೂಕದ ನೀರನ್ನು ಜೊತೆಗಿಟ್ಟುಕೊಂಡಿರುತ್ತದೆ, ಎರಡೂ ಒಟ್ಟಿಗೆ ಖಾಲಿಯಾಗುತ್ತವೆ. ದ್ವಾದಶಿಯ ಪಾರಣೆಯಲ್ಲಿ ಎರಡೂ ಒಟ್ಟಿಗೆ ಹಿಂತಿರುಗುತ್ತವೆ. ಒಂದು ದಿನದ ತೂಕ ಸುಳ್ಳು ಹೇಳುತ್ತದೆ, ಏಳು ದಿನದ ಸರಾಸರಿಯನ್ನು ಕೇಳಬೇಕು. ನಾನು ಹಾಲಿನವನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದಿಡತೊಡಗಿದೆ.

ಇನ್ನು ಇಳಿದ ಮೇಲೆ ಮತ್ತೆ ಏರುವ ಸಂಕಟ. ಇದಕ್ಕೆ 'ನಾಲಿಗೆ ಚಪಲ' ಎಂದು ಬೈಯುವವರು 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಏನಾಯಿತು ನೋಡಬೇಕು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ 36 ತರುಣರು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಹಸಿವಿನ ಪ್ರಯೋಗಕ್ಕೆ ಮೈಯೊಡ್ಡಿದರು. 24 ವಾರ ಅರೆಹೊಟ್ಟೆ. ತೂಕ ಕಾಲುಭಾಗದಷ್ಟು ಇಳಿಯಿತು. ಗಟ್ಟಿ ಮನಸ್ಸಿನ ಆ ಆಸಾಮಿಗಳು ತಟ್ಟೆ ನೆಕ್ಕತೊಡಗಿದರು, ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ಮೈಯ ಉರಿಯೂ ತಗ್ಗಿ ಚಳಿ ಚಳಿ ಅನ್ನುತ್ತಿದ್ದರು. ಊಟ ಮತ್ತೆ ಸಿಕ್ಕಾಗ ಎಷ್ಟು ತಿಂದರೂ ತೃಪ್ತಿಯಿಲ್ಲ. ಕಾರಣದ ಒಂದು ಎಳೆ ಸಿಕ್ಕಿದ್ದು ಐವತ್ತು ವರ್ಷದ ಬಳಿಕ, 1994ರಲ್ಲಿ. ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿತು. ಕಣಜದಲ್ಲಿ ಎಷ್ಟಿದೆ ಎಂದು ಕೊಬ್ಬಿನ ಕೋಶಗಳು ಮೆದುಳಿಗೆ ಕಳಿಸುವ ವರದಿ ಅದು. ವರದಿ ಇಳಿಮುಖವಾದರೆ ಮೆದುಳು ಬರ ಬಂತೆಂದು ಭಾವಿಸಿ ಹಸಿವು ಏರಿಸಿ ಖರ್ಚು ತಗ್ಗಿಸುತ್ತದೆ.

ಕೊಬ್ಬು ಖಾಲಿಯಾದರೂ ಅದನ್ನು ತುಂಬಿಕೊಂಡಿದ್ದ ಚೀಲಗಳು, ಅಂದರೆ ಕೊಬ್ಬಿನ ಕೋಶಗಳು, ಹೋಗುವುದಿಲ್ಲ. ಇದನ್ನು ಕಂಡುಕೊಂಡ ಬಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. 1950ರ ದಶಕದಿಂದ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ವಾತಾವರಣದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಏರಿತ್ತು, ಅದು ಬೆಳೆಗೆ ಸೇರಿ ನಮ್ಮೆಲ್ಲರ ಮೈಗೂ ಬಂತು. ಸ್ವೀಡನ್ನಿನ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ಅದನ್ನೇ ಹುಟ್ಟಿದ ದಿನಾಂಕದ ಮುದ್ರೆಯಂತೆ ಬಳಸಿ ಕೊಬ್ಬಿನ ಕೋಶಗಳ ವಯಸ್ಸು ಕಂಡುಹಿಡಿದರು. 2008ರಲ್ಲಿ ಅವರು ಹೇಳಿದ್ದು: ವರ್ಷಕ್ಕೆ ಹತ್ತರಲ್ಲೊಂದು ಕೋಶ ಸಾಯುತ್ತದೆ, ಅಷ್ಟೇ ಹೊಸದು ಹುಟ್ಟುತ್ತದೆ. ದೊಡ್ಡವರಾದ ಮೇಲೆ ತೂಕ ಇಳಿಸಿದರೂ ಕೋಶಗಳ ಸಂಖ್ಯೆ ಅಷ್ಟೇ. ಅಟ್ಟದ ಮೇಲೆ ಮಡಿಸಿಟ್ಟ ಗೋಣಿಚೀಲಗಳು, ಮುಂದಿನ ಸುಗ್ಗಿಗೆ ಕಾಯುತ್ತಿರುತ್ತವೆ.

ಹೀಗಿರುವಾಗ 'ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ' ಎಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವ ಅಭ್ಯಾಸವಾಗಲು ಹಿಡಿದದ್ದು ನಡುವಿನ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ನಮ್ಮ ಹಿರಿಯರ ಒಂದು ಮಂಡಲ, 48 ದಿನ, ಇಪ್ಪತ್ತೊಂದಕ್ಕಿಂತ ಸತ್ಯಕ್ಕೆ ಹತ್ತಿರವಿದೆ. ನಡುವೆ ಒಂದು ದಿನ ತಪ್ಪಿದರೆ ವ್ರತಭಂಗವೇನೂ ಆಗುವುದಿಲ್ಲ ಎಂಬುದೂ ಆ ಅಧ್ಯಯನದಲ್ಲಿದೆ. ನನಗೆ ಸಕ್ಕರೆಯಿಲ್ಲದ ಕಾಫಿ ಒಗ್ಗಲು ಮೂರು ತಿಂಗಳು ಬೇಕಾಯಿತು. ಕೋಡುಬಳೆಯನ್ನು ಇವತ್ತಿಗೂ ಗೆದ್ದಿಲ್ಲ, ಡಬ್ಬಿ ಎತ್ತರದ ಶೆಲ್ಫಿಗೆ ಹೋಗಿದೆ, ಅಷ್ಟೆ.

ಹತ್ತು ತಿಂಗಳಲ್ಲಿ ಐದು ಕೆ.ಜಿ. ಇಳಿದಿದ್ದೇನೆ. ಮೊನ್ನೆ ಕೆರೆ ಏರಿಯ ಮೇಲೆ ಜರ್ಕಿನ್ ಗೆಳೆಯರಿಗೆ ಇದನ್ನೆಲ್ಲ ಅರ್ಧ ಸುತ್ತು ವಿವರಿಸಿದೆ. ಗಮನವಿಟ್ಟು ಕೇಳಿದರು. 'ಹಾಗಾದ್ರೆ ಮೇಷ್ಟ್ರೇ, ನಿಮ್ಮ ಆ ಐದು ಕೆ.ಜಿ. ಈಗೆಲ್ಲಿದೆ?' ಅಂದರು. ಆಮ್ಲಜನಕ ಕೂಡಿ ಹದಿನಾಲ್ಕು ಕೆ.ಜಿ. ಅನಿಲವಾಗಿ ಗಾಳಿಗೆ ಹೋಗಿದೆ, ಸ್ವಲ್ಪ ಈ ಮರಗಳ ಎಲೆಗೂ ಸೇರಿರಬಹುದು ಎಂದು ದಂಡೆಯತ್ತ ಕೈ ತೋರಿಸಿದೆ. ಅವರು ಮರಗಳನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. ಜರ್ಕಿನ್ನಿನ ಜಿಪ್ಪು ಮೇಲಕ್ಕೆಳೆದುಕೊಂಡು, 'ನಡೀರಿ, ದೋಸೆ ಹೋಟೆಲು ತೆಗ್ದಿರುತ್ತೆ' ಅಂದರು.