ಉಪಗ್ರಹಕ್ಕೆ ಮೂಗಿಲ್ಲ

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಮೈಸೂರಿನ ನಮ್ಮ ಬೀದಿಯವರ ಮೊಬೈಲಲ್ಲೆಲ್ಲ ಒಂದೇ ನಕ್ಷೆ. ಕಾಡಿನ ಮೇಲೆ ಕೆಂಪು ಚುಕ್ಕಿಗಳು. “ನಮ್ಮ ಕಡೆ ಚುಕ್ಕಿನೇ ಇಲ್ಲ, ಹೊಗೆ ಎಲ್ಲಿಂದ ಬರುತ್ತೆ?” ಅಂದರು ಪಕ್ಕದ ಮನೆ ಮೇಷ್ಟ್ರು. ನನಗೆ ತಲೆ ಕೆಡೋದು ಇಲ್ಲೇ. ಆ ಚುಕ್ಕಿ ಉಪಗ್ರಹ ಕಂಡ ಬೆಂಕಿಯ ಶಾಖದ್ದು. ಹೊಗೆ ಅಳೆಯೋ ಲೆಕ್ಕವೇ ಬೇರೆ.

ಮೇಲಿನಿಂದ ನೋಡಿದರೆ ದಟ್ಟ ಕಾಡು ಕಪ್ಪಗೆ ಕಾಣುತ್ತದೆ. ಹೊಗೆ ಬಿಸಿಲನ್ನು ಚದುರಿಸಿ ವಾಪಸ್ ಎಸೆಯುತ್ತದೆ. ಕರಿಹಲಗೆ ಮೇಲೆ ಸೀಮೆಸುಣ್ಣದ ಪುಡಿ ಉದುರಿದ ಹಾಗೆ. ಅದೇ ಪುಡಿ ಸುಣ್ಣದ ಗೋಡೆ ಮೇಲೆ ಬಿದ್ದರೆ ಕಾಣೋದು ಕಷ್ಟ ಅಲ್ವಾ? ಬೋಳು ನೆಲದ ಮೇಲಿನ ಹೊಗೆ ಉಪಗ್ರಹಕ್ಕೂ ಹಾಗೇ. ಬೆಳಕು ಎಷ್ಟು ಜಾಸ್ತಿ ಬಂತು ಅನ್ನೋದರಿಂದ ಒಂದು ಅಂಕಿ ಸಿಗುತ್ತದೆ: ಏರೋಸಾಲ್ ಆಪ್ಟಿಕಲ್ ಡೆಪ್ತ್, ಅಂದರೆ ಗಾಳಿಯಲ್ಲಿ ತೇಲೋ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಅನ್ನೋ ಅಳತೆ. ಅದು 1 ಇದ್ದರೆ, ನೆತ್ತಿ ಮೇಲಿನ ಸೂರ್ಯನ ನೇರ ಬೆಳಕಲ್ಲಿ ಶೇ. 37 ಮಾತ್ರ ಹೊಗೆ ದಾಟಿ ಬರುತ್ತದೆ. 2 ಆದರೆ ಆ 37ರಲ್ಲಿ ಮತ್ತೆ ಶೇ. 37, ಅಂದರೆ 14ಕ್ಕೂ ಕಮ್ಮಿ. ಬೆಳಕು ಹೀಗೆ ಪಾಲು ಪಾಲಾಗಿ ಕುಗ್ಗುತ್ತದೆ ಅಂತ 1729ರಲ್ಲೇ ಬರೆದವನು ಫ್ರಾನ್ಸಿನ ಪಿಯರ್ ಬುಗೇರ್. ಚಂದ್ರನ ಬೆಳಕನ್ನು ಮೇಣದಬತ್ತಿಯ ಬೆಳಕಿನ ಜೊತೆ ಹೋಲಿಸಿ ಅಳೆದ ಪುಣ್ಯಾತ್ಮ!

ಆದರೆ ಈ ಅಂಕಿ ನೆಲದಿಂದ ಆಕಾಶದವರೆಗಿನ ಒಟ್ಟು ಹೊಗೆಯದು. ಸಾಂಬಾರಿನಲ್ಲಿ ಬೇಳೆ ಎಷ್ಟಿದೆ ಅಂತ ಗೊತ್ತು, ತೇಲುತ್ತಿದೆಯೋ ತಳ ಹಿಡಿದಿದೆಯೋ ಗೊತ್ತಿಲ್ಲ. ನಮ್ಮ ಮೂಗು ಇರೋದು ತಳದಲ್ಲಿ. ಮಂಡ್ಯ ಕಡೆಯ ಆಲೆಮನೆ ನೋಡಿ. ಮಧ್ಯಾಹ್ನ ಹೊಗೆ ಸೀದಾ ಮೇಲೇರಿ ಚದುರುತ್ತದೆ. ಚಳಿಗಾಲದ ಮುಂಜಾನೆ ನೆಲ ತಣ್ಣಗಿರುತ್ತದೆ, ಮೇಲಿನ ಬೆಚ್ಚನೆ ಗಾಳಿ ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ. ಅದೇ ಹೊಗೆ ಕಬ್ಬಿನ ಗದ್ದೆ ಮೇಲೆ ಕಂಬಳಿ ಹೊದ್ದು ಮಲಗುತ್ತದೆ, ಕಣ್ಣು ಉರಿಯುತ್ತದೆ. ಒಟ್ಟು ಹೊಗೆ ಅಷ್ಟೇ ಇದ್ದರೂ ಉಸಿರಿಗೆ ಸಿಗೋದು ಬೇರೆ.

ಹಾಗಾಗಿ ಹೊಗೆ ಎಷ್ಟು ಎತ್ತರದಲ್ಲಿದೆ, ಗಾಳಿಯ ತೇವ ಎಷ್ಟು ಅಂತ ಹವಾಮಾನ ಮಾದರಿಯಿಂದ ಸೇರಿಸಬೇಕು. ತೇವ ಕುಡಿದ ಕಣ ನೆನೆಸಿದ ಸಬ್ಬಕ್ಕಿಯಂತೆ ಊದಿಕೊಂಡು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಆಮೇಲೆ ನೆಲದ ಮಾಪಕಗಳ ಜೊತೆ ತಾಳೆ ನೋಡಿ ಪಿಎಂ 2.5, ಅಂದರೆ ಉಸಿರಿನ ಜೊತೆ ಒಳಗೆ ಹೋಗೋ ಅತಿ ಸಣ್ಣ ಕಣಗಳ ಅಂದಾಜು. ನಮ್ಮಲ್ಲಿ ಅದರ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಮೋಡ ಕವಿದರೆ ಈ ಅಳತೆಯೇ ಸಿಗಲ್ಲ. ರಾತ್ರಿ ಬಿಸಿಲೂ ಇಲ್ಲ.

ಮೊನ್ನೆ ಮೇಷ್ಟ್ರು ಹೊಗೆಯ ನಕ್ಷೆ ತೋರಿಸಿ “ಎಲ್ಲಾ ಕ್ಲಿಯರ್, ವಾಕಿಂಗ್ ಬನ್ನಿ” ಅಂದರು. ಎಷ್ಟು ಗಂಟೆಯದು ಅಂತ ನೋಡಿದೆ. ಹಿಂದಿನ ದಿನ ಮಧ್ಯಾಹ್ನ ಒಂದೂವರೆಯದು. ನಾವು ಗೇಟಿನ ಹತ್ತಿರ ನಿಂತಿದ್ದು ಬೆಳಗ್ಗೆ ಆರಕ್ಕೆ.