ಹೊಟ್ಟೆ ಪರೀಕ್ಷೆ: ಗೊಂಬೆ ಕಲಿಸುವುದೆಷ್ಟು, ಮನುಷ್ಯರು ಕಲಿಸುವುದೆಷ್ಟು?

ಮುಂಬೈಯಲ್ಲಿ ನರ್ಸಿಂಗ್ ಓದುತ್ತಿರುವ, ಸ್ಕಿಲ್ ಲ್ಯಾಬ್‌ಗೆ (ರೋಗಿಯ ಬದಲು ಮನುಷ್ಯಾಕಾರದ ಗೊಂಬೆಯ ಮೇಲೆ ಅಭ್ಯಾಸ ಮಾಡುವ ಕೋಣೆಗೆ) ಹೊಸದಾಗಿ ಕಾಲಿಡುವ ನಮ್ಮ ಕನ್ನಡದ ಗೆಳತಿಯರಿಗಾಗಿ ಈ ಟಿಪ್ಪಣಿ.

ದೇಹ ಪರೀಕ್ಷೆಯಲ್ಲಿ ನಾಲ್ಕು ಕೆಲಸ: ನೋಡುವುದು, ಒತ್ತಿ ನೋಡುವುದು, ತಟ್ಟುವುದು, ಸ್ಟೆತಸ್ಕೋಪ್ ಇಟ್ಟು ಕೇಳುವುದು. ಹೊಟ್ಟೆಗೆ ಮಾತ್ರ ಕ್ರಮ ಬೇರೆ. ನೋಡಿ, ಕೇಳಿ, ತಟ್ಟಿ, ಕೊನೆಗೆ ಒತ್ತಬೇಕು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು, ಅದಕ್ಕೆ.

ಕರುಳಿನ ಸದ್ದು ಸಾಮಾನ್ಯವಾಗಿ ನಿಮಿಷಕ್ಕೆ 5ರಿಂದ 30 ಸಲ ಕೇಳುತ್ತದೆ. ಇಲ್ಲವೇ ಇಲ್ಲ ಎನ್ನಬೇಕಾದರೆ 5 ನಿಮಿಷ ಕೇಳಿರಬೇಕು. ಇದನ್ನು ಗೊಂಬೆಯ ಮೇಲೆಯೇ ಕಲಿಯಿರಿ. ಗೊಂಬೆಯ ಹೊಟ್ಟೆಯಿಂದ ಬರುವ ಸದ್ದನ್ನು ಟೀಚರ್ ನಿಲ್ಲಿಸಿಬಿಡುತ್ತಾರೆ, ನಾವು ಗಡಿಯಾರ ನೋಡುತ್ತಾ ನಿಲ್ಲಬೇಕು. 5 ನಿಮಿಷ ಎಷ್ಟು ಉದ್ದ ಎಂದು ಆಗಲೇ ಗೊತ್ತಾಗುವುದು. ಕರುಳಿನ ಸದ್ದೇ ಇಲ್ಲದ ರೋಗಿ ನಮ್ಮ ಡ್ಯೂಟಿಯಲ್ಲೇ ಸಿಗಬೇಕಲ್ವಾ? ಸಿಕ್ಕರೂ, ನೋವಿನಲ್ಲಿರುವವರ ಮೇಲೆ ಹತ್ತು ಜನ ಸಾಲಾಗಿ ಅಭ್ಯಾಸ ಮಾಡುವುದು ಸರಿಯಲ್ಲ.

ತಟ್ಟುವುದಕ್ಕೆ ನಮ್ಮ ಲ್ಯಾಬಿನ ಗೊಂಬೆ ಸಾಲದು. ಎಲ್ಲಿ ತಟ್ಟಿದರೂ ಒಂದೇ ಸದ್ದು. ಈ ವಿಧಾನವನ್ನು 1761ರಲ್ಲಿ ಪುಸ್ತಕವಾಗಿ ಬರೆದವರು ಆಸ್ಟ್ರಿಯಾದ ವೈದ್ಯ ಔವೆನ್‌ಬ್ರುಗರ್. ಅವರ ತಂದೆ ಹೋಟೆಲು ನಡೆಸುತ್ತಿದ್ದರು. ಪೀಪಾಯಿ ತಟ್ಟಿ ವೈನ್ ಎಷ್ಟಿದೆ ಎಂದು ತಿಳಿಯುವುದನ್ನು ಮಗ ಅಲ್ಲಿ ಕಂಡಿದ್ದರಂತೆ. ನಮ್ಮ ರೂಮಿನಲ್ಲಿ ನೀರಿನ ಡ್ರಮ್ ಇದೆಯಲ್ಲ, ಅದನ್ನೇ ಬಳಸಿ. ಎಡಗೈ ನಡುಬೆರಳನ್ನು ಡ್ರಮ್ಮಿಗೆ ಒತ್ತಿ ಇಟ್ಟು, ಬಲಗೈ ನಡುಬೆರಳ ತುದಿಯಿಂದ ತಟ್ಟುತ್ತಾ ಕೆಳಗಿಳಿಯಿರಿ. ಮಣಿಕಟ್ಟು ಮಾತ್ರ ಆಡಬೇಕು. ನೀರು ಶುರುವಾದಲ್ಲಿ ಸದ್ದು ಮಂಕಾಗುತ್ತದೆ. ಆಮೇಲೆ ನಿಮ್ಮದೇ ಮೈಮೇಲೆ ನೋಡಿ: ಬಲಗಡೆ ಪಕ್ಕೆಲುಬಿನ ಕೆಳಭಾಗದಲ್ಲಿ ಲಿವರ್ ಇರುವಲ್ಲಿ ಮಂಕು, ಎಡಗಡೆ ಜಠರದಲ್ಲಿ ಗಾಳಿ ಇದ್ದರೆ ಡೋಲಿನಂಥ ಸದ್ದು.

ಒತ್ತಿ ನೋಡುವುದಕ್ಕೆ ಮಾತ್ರ ಮನುಷ್ಯರೇ ಬೇಕು. ರೋಗಿಯ ಪಾತ್ರ ಮಾಡಲು ಜನರಿಗೆ ತರಬೇತಿ ಕೊಡುವ ಪದ್ಧತಿಯನ್ನು 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಶುರು ಮಾಡಿದರು. ನಮ್ಮಲ್ಲಿ ಸೀನಿಯರ್ ಒಬ್ಬರು ಅಪೆಂಡಿಸೈಟಿಸ್ ರೋಗಿಯಾಗಿ ಮಲಗಿದ್ದರು. ನಾನು ಕ್ರಮ ತಪ್ಪದೆ ಎಲ್ಲ ಮಾಡಿದೆ. ಡೀಬ್ರೀಫಿಂಗ್‌ನಲ್ಲಿ, ಅಂದರೆ ಅಭ್ಯಾಸ ಮುಗಿದ ಮೇಲಿನ ಮಾತುಕತೆಯಲ್ಲಿ, ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: "ಅವರ ಮುಖ ನೋಡಿದೆಯಾ?" ನೋಡಿರಲಿಲ್ಲ. ಕಣ್ಣೆಲ್ಲ ನನ್ನ ಕೈಮೇಲೇ ಇತ್ತು. ಬಲಗಡೆ ಕೆಳಗೆ ಒತ್ತಿದಾಗ ಅವರು ಹುಬ್ಬು ಗಂಟಿಕ್ಕಿದ್ದರು, ಉಸಿರು ಹಿಡಿದಿದ್ದರು. ಗೊಂಬೆಯ ಮೇಲೆ ಜಾಸ್ತಿ ಅಭ್ಯಾಸ ಮಾಡಿದ್ದರಿಂದಲೇ ಮುಖ ನೋಡುವ ರೂಢಿ ಬಂದಿರಲಿಲ್ಲ ಎಂದು ನನಗನ್ನಿಸುತ್ತದೆ. ಈ ಮಾತುಕತೆಗೆ ಟೈಮಿಲ್ಲ ಅಂತ ಸುಮ್ನೆ ಎದ್ದು ಹೋಗಬೇಡಿ. ಅರ್ಧ ಕಲಿಕೆ ಅಲ್ಲೇ ಇದೆ.

ಜೋಡಿಯಾಗಿ ಅಭ್ಯಾಸ ಮಾಡುವಾಗ ಮರಾಠಿಯಲ್ಲೇ ಮಾತಾಡಿ. "ಕುಠೇ ದುಖತಂಯ್?" (ಎಲ್ಲಿ ನೋಯುತ್ತಿದೆ?) ಎಂದು ಮೊದಲು ಕೇಳಿ, ಅವರು ತೋರಿಸಿದ ಜಾಗವನ್ನು ಕೊನೆಗೆ ಮುಟ್ಟಿ. "ಪಾಯ್ ದುಮಡಾ" ಎಂದರೆ ಅವರು ಮೊಣಕಾಲು ಮಡಿಸುತ್ತಾರೆ, ಹೊಟ್ಟೆಯ ಬಿಗಿ ಸಡಿಲವಾಗುತ್ತದೆ. ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.